ಕೋತಿಗಳು ಸುಳ್ಳು ಹೇಳಲಿಲ್ಲ

ಮರ್ಕ್ ಕಂಪನಿಯ ಎಚ್‌ಐವಿ ಲಸಿಕೆಯ ‘ಸ್ಟೆಪ್’ ಪ್ರಯೋಗ 2007ರ ಸೆಪ್ಟೆಂಬರ್‌ನಲ್ಲಿ ಸೋತು ನಿಂತಿತು. ಕೋತಿಗಳನ್ನು ನಂಬಿ ಕೆಟ್ಟೆವು ಎಂಬ ಮಾತು ಅಂದಿನಿಂದ ಹಬ್ಬಿದೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ಕೆಟ್ಟದ್ದು ಕೋತಿಗಳಿಂದಲ್ಲ, 2002ರಲ್ಲಿ ‘ನೇಚರ್’ನಲ್ಲಿ ಬಂದ ಪ್ರಬಂಧವೊಂದಕ್ಕೆ ನಾವು ಕಟ್ಟಿದ ಅತಿಯಾದ ಬೆಲೆಯಿಂದ.

ಆ ಪ್ರಬಂಧದಲ್ಲಿ ಸ್ಟೆಪ್‌ನದೇ ಬಗೆಯ, ಅಡೆನೋವೈರಸ್-5ರ ಬೆನ್ನೇರಿದ ಲಸಿಕೆ ಪಡೆದ ರೀಸಸ್ ಕೋತಿಗಳಿಗೂ ಸೋಂಕು ತಗುಲಿತ್ತು. ತಗ್ಗಿದ್ದು ರಕ್ತದಲ್ಲಿನ ವೈರಸ್ ಪ್ರಮಾಣ ಮಾತ್ರ. ಹೊಗಳಿದವರು ಇದನ್ನು ಮರೆತರು.

ಅದಕ್ಕಿಂತ ದೊಡ್ಡ ತೊಡಕು, ಕೋತಿಗಳಿಗೆ ಒಡ್ಡಿದ ವೈರಸ್ಸಿನದು. ಎಸ್‌ಎಚ್‌ಐವಿ-89.6ಪಿ ಎಂಬುದು ಪ್ರಯೋಗಾಲಯದ ಕಸಿ: ಒಡಲು ಕೋತಿಗಳ ವೈರಸ್ಸಾದ ಎಸ್‌ಐವಿಯದು, ಹೊದಿಕೆ ಎಚ್‌ಐವಿಯದು. ಅದು ಕೆಲವೇ ವಾರಗಳಲ್ಲಿ ಸಿಡಿ4 ಎಂಬ ರೋಗನಿರೋಧಕ ಕಣಗಳನ್ನು ಬರಿದು ಮಾಡುತ್ತದೆ. ಮನುಷ್ಯರಲ್ಲಿ ಎಚ್‌ಐವಿ ಹಾಗಲ್ಲ, ವರ್ಷಗಟ್ಟಲೆ ಮೆಲ್ಲಗೆ ತಿನ್ನುತ್ತದೆ. ಹರಡುವ ಎಚ್‌ಐವಿ ಹೆಚ್ಚಾಗಿ ಸಿಸಿಆರ್5 ಎಂಬ ಬಾಗಿಲಿನಿಂದ ಕಣದೊಳಕ್ಕೆ ನುಗ್ಗಿದರೆ, ಈ ಕಸಿ ವೈರಸ್ ಕೋತಿಯ ಮೈಯಲ್ಲಿ ಸಿಎಕ್ಸ್‌ಸಿಆರ್4 ಎಂಬ ಬೇರೆ ಬಾಗಿಲು ಹಿಡಿಯುತ್ತದೆ. ರೋಗ ಭೀಕರವಾಗಿ ಕಂಡರೂ ಲಸಿಕೆಗೆ ಇದನ್ನು ಹತೋಟಿಗೆ ತರುವುದು ಸುಲಭ. ಕಠಿಣ ಪರೀಕ್ಷೆಯ ವೇಷ ತೊಟ್ಟ ಸುಲಭ ಪರೀಕ್ಷೆ! ಅದನ್ನೂ ನೇರ ರಕ್ತನಾಳಕ್ಕೆ ಚುಚ್ಚಿದ್ದು. ಸ್ಟೆಪ್‌ಗೆ ಸೇರಿದವರಿಗಿದ್ದ ಅಪಾಯವೋ ಲೈಂಗಿಕ ಸಂಪರ್ಕದ್ದು.

ಅದೇ ಬಗೆಯ ಲಸಿಕೆಯನ್ನು ಎಸ್‌ಐವಿಮ್ಯಾಕ್239 ಎಂಬ ಹಟಮಾರಿ ವೈರಸ್ಸಿಗೆ ಎದುರು ನಿಲ್ಲಿಸಿದ ಫಲಿತಾಂಶ 2005ರಲ್ಲಿ ಹೊರಬಂತು. ರಕ್ಷಣೆ ಅಲ್ಪ, ಅದೂ ಬಾಳಲಿಲ್ಲ. ಆ ಹೊತ್ತಿಗೆ ಸ್ಟೆಪ್ ಶುರುವಾಗಿಹೋಗಿತ್ತು. ಸುಮಾರು 3000 ಸ್ವಯಂಸೇವಕರನ್ನು ಸೇರಿಸಿಕೊಳ್ಳುವ ಕೆಲಸ ಮುಂದುವರಿಯಿತು.

ಪ್ರಾಣಿ ಮಾದರಿಗಳೇ ವ್ಯರ್ಥ ಎನ್ನುವ ವಿಮರ್ಶಕರು ಈ ಎರಡನೆಯ ಫಲಿತಾಂಶವನ್ನು ಉಲ್ಲೇಖಿಸದೆ ದಾಟುತ್ತಾರೆ. ಅದನ್ನು ಎದುರಿಟ್ಟುಕೊಂಡರೆ ಅವರ ವಾದ ನಿಲ್ಲುವುದಿಲ್ಲ. ಮನುಷ್ಯರಲ್ಲೇ ಬೇಗ ಪರೀಕ್ಷಿಸಿ ನೋಡಬೇಕು ಎಂಬ ಅವರ ಅವಸರಕ್ಕೆ ಕಾರಣವಿದೆ, ಏಡ್ಸ್ ಲಕ್ಷಾಂತರ ಜನರನ್ನು ಕೊಲ್ಲುತ್ತಿತ್ತು. ಆದರೆ ಆ ಅವಸರದ ಬೆಲೆ ತೆತ್ತವರು ಯಾರು? ಅಡೆನೋವೈರಸ್-5 ನೆಗಡಿ ತರುವ ಸಾಮಾನ್ಯ ವೈರಸ್. ಎಷ್ಟೋ ಜನರ ರಕ್ತದಲ್ಲಿ ಅದರ ಪ್ರತಿಕಾಯಗಳು ಮೊದಲೇ ಇರುತ್ತವೆ. ಸ್ಟೆಪ್‌ನಲ್ಲಿ ಅಂಥ ಪ್ರತಿಕಾಯಗಳಿದ್ದ, ಮುಂದೊಗಲು ತೆಗೆಸಿರದ ಗಂಡಸರಲ್ಲಿ ಲಸಿಕೆ ಪಡೆದವರಿಗೇ ಎಚ್‌ಐವಿ ಹೆಚ್ಚು ತಗುಲಿತು.

2012ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ರೀಸಸ್ ಕೋತಿಗಳಿಗೆ ಮೊದಲು ಅಡೆನೋವೈರಸ್-5ರ ಸೋಂಕು ತಗುಲಿಸಿ, ಆಮೇಲೆ ಲಸಿಕೆ ಕೊಟ್ಟು, ಶಿಶ್ನದ ಮೂಲಕ ಎಸ್‌ಐವಿಯನ್ನು ಅಲ್ಪ ಪ್ರಮಾಣದಲ್ಲಿ ಮತ್ತೆ ಮತ್ತೆ ಸೋಕಿಸಿದರು. ಸ್ಟೆಪ್‌ನಲ್ಲಿ ಆದದ್ದೇ ಅಲ್ಲೂ ಆಯಿತು. ಆ ಪರೀಕ್ಷೆ ಆಗಬೇಕಿದ್ದದ್ದು ಮೊದಲ ಸ್ವಯಂಸೇವಕನ ತೋಳಿಗೆ ಸೂಜಿ ತಾಗುವ ಮುಂಚೆ.