ಮೂಲ ಸಿಕ್ಕಿತು, ಮರುಸೃಷ್ಟಿ ಇನ್ನೇಕೆ?

2019ರ ನವೆಂಬರ್‌ನಲ್ಲಿ 'ಸಾನಿಕ್ ದಿ ಹೆಜ್‌ಹಾಗ್ 3' ಆಟದ ಒಂದು ಹಳೆಯ ಪ್ರೊಟೊಟೈಪ್, ಅಂದರೆ ಬಿಡುಗಡೆಗೆ ಮುಂಚಿನ ಕಚ್ಚಾ ಪ್ರತಿ, ಹೊರಬಿತ್ತು. ಅದು 1993ರ ನವೆಂಬರ್ 3ರದು. ಆಟ ಅಂಗಡಿಗೆ ಬಂದದ್ದು 1994ರ ಫೆಬ್ರವರಿಯಲ್ಲಿ. ನಡುವಿನ ಮೂರು ತಿಂಗಳಲ್ಲಿ ಸೆಗಾ ಕಂಪನಿ ಕೈಬಿಟ್ಟ ಸಂಗೀತ ಆ ಪ್ರೊಟೊಟೈಪಿನಲ್ಲಿ, ಕಂಪನಿಯ ಆಟದ ಯಂತ್ರವಾದ ಮೆಗಾ ಡ್ರೈವ್‌ನ ಸ್ವಂತ ದನಿಯಲ್ಲೇ ಇತ್ತು. ಅಂದಿನಿಂದ ಅಭಿಮಾನಿಗಳ ನಡುವೆ ಒಂದು ಮಾತು ತೀರ್ಪಿನಂತೆ ಓಡಾಡುತ್ತಿದೆ: ಮೂಲವೇ ಸಿಕ್ಕ ಮೇಲೆ ಅದಕ್ಕೆ ಮೊದಲು ಊಹೆಯಿಂದ ಕಟ್ಟಿದ ಮರುಸೃಷ್ಟಿಗಳಿಗೆ ಇನ್ನೇನು ಕೆಲಸ? ಕೇಳಲು ನ್ಯಾಯವಾಗಿಯೇ ಇದೆ. ಆದರೆ ಅವು ನಕಲು ಮಾಡಲು ಹೊರಟಿದ್ದವು ಎಂದು ಮೊದಲೇ ತೀರ್ಮಾನಿಸಿಕೊಂಡರೆ ಮಾತ್ರ ಈ ಮಾತು ನಿಲ್ಲುತ್ತದೆ.

ಹಿನ್ನೆಲೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. 1997ರಲ್ಲಿ ಈ ಆಟ 'ಸಾನಿಕ್ ಅಂಡ್ ನಕಲ್ಸ್ ಕಲೆಕ್ಷನ್' ಹೆಸರಿನಲ್ಲಿ ವಿಂಡೋಸ್ ಕಂಪ್ಯೂಟರಿಗೆ ಬಂದಾಗ ಕಾರ್ನಿವಲ್ ನೈಟ್, ಐಸ್‌ಕ್ಯಾಪ್, ಲಾಂಚ್ ಬೇಸ್ ಹಂತಗಳ ಸಂಗೀತವೇ ಬೇರೆಯಾಗಿತ್ತು. ಮೆಗಾ ಡ್ರೈವ್ ಆಟದ ಹೆಸರುಪಟ್ಟಿಯಲ್ಲಿ ಬ್ರಾಡ್ ಬಕ್ಸರ್ ಮೊದಲಾದ ಮೈಕೆಲ್ ಜಾಕ್ಸನ್ ಬಳಗದವರಿದ್ದರು. ಹಕ್ಕಿನ ತಕರಾರಿನಿಂದ ತಪ್ಪಿಸಿಕೊಳ್ಳಲು ಸೆಗಾ ಆಮೇಲೆ ಹೊಲಿದ ತೇಪೆ ಈ ಕಂಪ್ಯೂಟರ್ ಸಂಗೀತ ಎಂದು ಬಹುಪಾಲು ಜನ ನಂಬಿದರು. ಆ ಸಂಗೀತವನ್ನು ಅಗ್ಗದ ಬದಲಿ ಸರಕೆಂದು ತಳ್ಳಿಹಾಕಿದರು. ಪ್ರೊಟೊಟೈಪಿನಲ್ಲಿ ಇದೇ ಸಂಗೀತ ಇದ್ದದ್ದು ಈ ಕತೆಯನ್ನು ತಲೆಕೆಳಗು ಮಾಡಿತು. ತೇಪೆ ಅನ್ನಿಸಿಕೊಂಡದ್ದೇ ಮೊದಲಿನದು. ಅಂದರೆ 2019ಕ್ಕೆ ಮುಂಚೆ ಇವನ್ನು ಮೆಗಾ ಡ್ರೈವ್‌ಗೆ ಹೊಂದಿಸಲು ಕೂತವರು ಪುರಾವೆಯ ಬಲದಿಂದ ಕೂತವರಲ್ಲ. ಎಲ್ಲರೂ ಮೂಗು ಮುರಿಯುತ್ತಿದ್ದ ಸಂಗೀತದಲ್ಲಿ ಏನೋ ಇದೆ ಎಂದು ಅವರ ಕಿವಿ ಹೇಳಿತ್ತು, ಅಷ್ಟೆ.

ಅವರ ಕೈಯಲ್ಲಿದ್ದದ್ದು ಕಂಪ್ಯೂಟರ್ ಆಟದ ಮಿಡಿ ಫೈಲುಗಳು. ಮಿಡಿಯಲ್ಲಿ ನಾದವಿರುವುದಿಲ್ಲ, ಯಾವ ಸ್ವರ, ಎಷ್ಟು ಹೊತ್ತು, ಎಷ್ಟು ಒತ್ತು, ಯಾವ ನಮೂನೆಯ ವಾದ್ಯ ಎಂಬ ಸೂಚನೆ ಮಾತ್ರ. ಸೌಂಡ್ ಕಾರ್ಡ್ ಬದಲಾದರೆ ಅದೇ ಫೈಲಿನ ಸಂಗೀತದ ಮುಖವೇ ಬದಲಾಗುತ್ತದೆ. ಕೀರ್ತನೆಯ ಸ್ವರಪ್ರಸ್ತಾರ ಪುಸ್ತಕದಲ್ಲಿದ್ದರೂ ಗಮಕ ಹಾಡುವವರ ಗಂಟಲಿನಿಂದಲೇ ಬರಬೇಕಲ್ಲ, ಹಾಗೆ. ಈ ಸ್ವರಗಳನ್ನು ಮೆಗಾ ಡ್ರೈವ್‌ನ ಯಮಹಾ ವೈಎಂ2612 ಚಿಪ್ಪಿನೊಳಗೆ ಕೂರಿಸಬೇಕು. ಅದರಲ್ಲಿರುವುದು ಆರೇ ಎಫ್‌ಎಂ ಚಾನೆಲ್. ಆರನೆಯದನ್ನು ಡ್ರಮ್ಮಿನ ಸ್ಯಾಂಪಲ್‌ಗೆ ಬಿಟ್ಟುಕೊಟ್ಟರೆ ಉಳಿಯುವುದು ಐದು. ಜೊತೆಗೆ ಇನ್ನೊಂದು ಸಣ್ಣ ಚಿಪ್ಪಿನ ಮೂರು ಕೀಚಲು ದನಿ, ಒಂದು ಸದ್ದು. ಎಫ್‌ಎಂ ದನಿಯೊಂದೊಂದನ್ನೂ ಆಪರೇಟರ್ ಎಂಬ ನಾಲ್ಕು ತರಂಗ ಘಟಕಗಳಿಂದ ಕೈಯಾರೆ ಕಟ್ಟಬೇಕು. ಮಿಡಿಯಲ್ಲಿ ಧಾರಾಳವಾಗಿ ಹರಡಿಕೊಂಡ ಸ್ವರಗುಚ್ಛ ಇಲ್ಲಿ ಇಕ್ಕಟ್ಟಿಗೆ ಸಿಕ್ಕುತ್ತದೆ. ಯಾವ ಸ್ವರ ಬಿಡಬೇಕು? ಬಾಸ್ ಗಟ್ಟಿಯಾಗಬೇಕೋ, ಮೇಲಿನ ರಾಗದ ಎಳೆ ಗಟ್ಟಿಯಾಗಬೇಕೋ? ತುತ್ತೂರಿ ಎಂದು ಬರೆದಿರುವುದನ್ನು ತುತ್ತೂರಿಯಾಗಿಯೇ ನುಡಿಸಬೇಕೋ? ಪ್ರತಿ ಉತ್ತರವೂ ಆ ಸಂಗೀತದ ಬಗ್ಗೆ ಒಂದು ಅಭಿಪ್ರಾಯ. ಇದನ್ನು ನಾನು ವಿಮರ್ಶೆ ಎನ್ನುತ್ತೇನೆ, ನಕಲು ಎನ್ನುವುದಿಲ್ಲ.

ಹಾಗಾಗಿ ಪ್ರೊಟೊಟೈಪ್ ಬಂದದ್ದರಿಂದ ಹಳೆಯ ಮರುಸೃಷ್ಟಿಗಳ ಬೆಲೆ ಇಳಿದಿಲ್ಲ, ಅವನ್ನು ಅಳೆಯುವ ಕೋಲು ಸಿಕ್ಕಿದೆ. ಮೂಲವನ್ನೊಂದೇ ಕೇಳಿದರೆ ಅದರಲ್ಲಿರುವುದೆಲ್ಲ ಹಾಗೆಯೇ ಇರಬೇಕಿತ್ತು ಅನ್ನಿಸುತ್ತದೆ. ಪಕ್ಕದಲ್ಲಿ ಬೇರೆ ದಾರಿ ಹಿಡಿದ ಮರುಸೃಷ್ಟಿಯನ್ನು ಇಟ್ಟು ಕೇಳಿ: ಸೆಗಾದ ಸಂಗೀತಗಾರರು ಎಲ್ಲಿ ಆಯ್ಕೆ ಮಾಡಿದರು, ಎಲ್ಲಿ ಚಿಪ್ಪಿನ ಮಿತಿಗೆ ತಲೆಬಾಗಿದರು, ಎಲ್ಲಿ ಗಡಿಬಿಡಿಯಲ್ಲಿ ಸುಮ್ಮನೆ ಮುಗಿಸಿದರು ಎಂಬುದು ಆಗ ಕಿವಿಗೆ ಬೀಳುತ್ತದೆ. ಊಹೆ ತಪ್ಪಿದ ಜಾಗಗಳೇ ಇಲ್ಲಿ ಹೆಚ್ಚು ಕಲಿಸುತ್ತವೆ.

ನಿಜವಾಗಿ ದೂರಬೇಕಾದ್ದು 2019ರ ನಂತರದ ಒಂದು ಬಗೆಯನ್ನು. ಪ್ರೊಟೊಟೈಪಿನ ದನಿಗಳನ್ನು ಹೊರತೆಗೆದು, ಅವೇ ಸ್ವರಗಳನ್ನು ಮತ್ತೆ ಜೋಡಿಸಿ, 'ನೂರಕ್ಕೆ ನೂರು ನಿಖರ' ಎಂದು ಹಣೆಪಟ್ಟಿ ಹಚ್ಚುವ ಕೆಲಸವಿದು. ಶ್ರಮ ಇದೆ, ಅಭಿಪ್ರಾಯ ಇಲ್ಲ. ಮೂಲವೇ ಒಂದು ಗುಂಡಿ ಒತ್ತಿದರೆ ಕೇಳುವಾಗ ಅದರ ಪಡಿಯಚ್ಚು ಯಾರಿಗೆ? ಮರುಸೃಷ್ಟಿ ನಿರುಪಯೋಗಿ ಎಂಬ ಆರೋಪ ಯಾವುದಕ್ಕಾದರೂ ಹೊಂದುವುದಾದರೆ ಇದಕ್ಕೆ. ನೂರು ಪಿಟೀಲು ಸುರಿದು ಎಲ್ಲವನ್ನೂ ಸಿನಿಮಾ ಹಿನ್ನೆಲೆ ಸಂಗೀತ ಮಾಡುವವರ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಇಕ್ಕಟ್ಟನ್ನು ತೆಗೆದ ಮೇಲೆ ಜಾಣತನವನ್ನು ಹುಡುಕುವುದು ಎಲ್ಲಿ?

ಮೂಲಕ್ಕೆ ಹತ್ತಿರವಿದ್ದರೆ ಸಾಕು ಎನ್ನುವವರು 2022ರ 'ಸಾನಿಕ್ ಒರಿಜಿನ್ಸ್' ಕೇಳಬೇಕು. ಜಾಕ್ಸನ್ ಬಳಗದ ಸಂಗೀತದ ಜಾಗದಲ್ಲಿ ಸೆಗಾ ಈ ಹಳೆಯ ಸಂಗೀತವನ್ನೇ ತಂದು ಕೂರಿಸಿತು. ಮರುರೂಪ ಕೊಟ್ಟವರು ಜುನ್ ಸೆನೌವೆ, 1993ರಲ್ಲಿ ಇದೇ ಆಟಕ್ಕೆ ದುಡಿದವರು. ಅವರಿಗಿಂತ ಹತ್ತಿರದವರನ್ನು ಎಲ್ಲಿಂದ ತರುವುದು? ಆದರೂ ಫಲ ತೆಳ್ಳಗಿದೆ. ಸ್ವರಗಳೆಲ್ಲ ತಕ್ಕ ಜಾಗದಲ್ಲಿವೆ. ಮೆಗಾ ಡ್ರೈವ್‌ನ ಬಾಸಿಗೆ ಇರುವ ಆ ಒರಟು ಗುದ್ದು ಇಲ್ಲ. ಅಭಿಮಾನಿಗಳೂ ಜೋರಾಗಿಯೇ ಗೊಣಗಿದರು. ಕಂಪನಿಯ ಮೊಹರು ಇರಲಿ, ಅಂದು ಅಲ್ಲೇ ಇದ್ದ ಕೈ ಇರಲಿ, ಅಷ್ಟರಿಂದಲೇ ಒಳ್ಳೆಯ ಮರುಸೃಷ್ಟಿ ಆಗುವುದಿಲ್ಲ.

ಎದುರು ಪಕ್ಷದ ಒಂದು ಮಾತನ್ನು ಮಾತ್ರ ಪಕ್ಕಕ್ಕೆ ಸರಿಸಲಾರೆ. ಊಹೆಯಿಂದ ಕಟ್ಟಿದ ಸಂಗೀತ ಹೆಸರಿಲ್ಲದೆ ಕೈಯಿಂದ ಕೈಗೆ ದಾಟಿ, ಕೊನೆಗೆ 'ಬೀಟಾ ಸಂಗೀತ' ಎಂಬ ಚೀಟಿಯೊಂದಿಗೆ ತಿರುಗಾಡತೊಡಗುತ್ತದೆ. ಹೊಸದಾಗಿ ಕೇಳುವವರು ಅದನ್ನೇ 1993ರದು ಎಂದುಕೊಳ್ಳುತ್ತಾರೆ. ತೇಪೆಯ ಕತೆಯನ್ನು ಎರಡು ದಶಕ ನಂಬಿದ ಸಮುದಾಯ ಇಂಥ ಗೊಂದಲವನ್ನು ಹಗುರವಾಗಿ ಕಾಣಬಾರದು. ಆದರೆ ಇದಕ್ಕೆ ಮದ್ದು ಮರುಸೃಷ್ಟಿಯನ್ನು ನಿಲ್ಲಿಸುವುದಲ್ಲ. ಮಾಡುವವರು ತಮ್ಮ ಕೆಲಸದ ಜೊತೆಗೆ ನಾಲ್ಕು ಸಾಲು ಬರೆಯಲಿ: ಮಿಡಿಯಿಂದ ತೆಗೆದದ್ದು ಯಾವುದು, ಪ್ರೊಟೊಟೈಪಿನಿಂದ ಬಂದದ್ದು ಯಾವುದು, ತಮ್ಮ ಕಿವಿ ಸೇರಿಸಿದ್ದು ಯಾವುದು. ಕೇಳುವವರು ಮೂರನೆಯದನ್ನು ಮೊದಲು ಓದಲಿ.