ಕೆಟ್ಟ ಬೇರಿಂಗಿನ ಜಾಡು ಹಿಡಿದು

ಸ್ವೀಡನ್ನಿನ ಗೋಥೆನ್‌ಬರ್ಗ್ ನಗರದ ಬಟ್ಟೆ ಗಿರಣಿಯೊಂದರಲ್ಲಿ ಯಂತ್ರಗಳ ಉಸ್ತುವಾರಿ ಸ್ವೆನ್ ವಿಂಗ್‌ಕ್ವಿಸ್ಟ್ ಎಂಬ ತರುಣ ಎಂಜಿನಿಯರ್ ಪಾಲಿಗಿತ್ತು. ಬೇರಿಂಗುಗಳು ಮತ್ತೆ ಮತ್ತೆ ಕೆಡುತ್ತಿದ್ದವು. ಗಿರಣಿ ನಿಂತದ್ದು ಜೇಡಿಮಣ್ಣಿನ ಮೇಲೆ. ನೆಲ ಕುಸಿದಂತೆಲ್ಲ ಉದ್ದನೆಯ ಶಾಫ್ಟ್‌ಗಳು ನೇರ ತಪ್ಪುತ್ತಿದ್ದವು, ಆ ಓರೆಯ ಭಾರವೆಲ್ಲ ಬೇರಿಂಗಿನ ಮೇಲೆ ಬೀಳುತ್ತಿತ್ತು. ಶಾಫ್ಟ್ ಕೊಂಚ ವಾಲಿದರೂ ತಾನೇ ಹೊಂದಿಕೊಳ್ಳುವ, ಎರಡು ಸಾಲು ಗುಂಡುಗಳ ಬೇರಿಂಗನ್ನು ಅವರು 1907ರಲ್ಲಿ ರೂಪಿಸಿದರು. ಅದನ್ನು ತಯಾರಿಸಲು ಎಸ್‌ಕೆಎಫ್ ಕಂಪನಿ ಹುಟ್ಟಿದ್ದೂ ಅದೇ ವರ್ಷ. ಕೆಟ್ಟದ್ದು ಬೇರಿಂಗು, ಕಾರಣ ಕಟ್ಟಡದಡಿಯ ಮಣ್ಣು.

ಅಷ್ಟು ದೂರ ಹುಡುಕಿಕೊಂಡು ಹೋಗುವವರು ಕಡಿಮೆ. ಪೀಣ್ಯದ ವರ್ಕ್‌ಶಾಪಿರಲಿ, ತಾಲ್ಲೂಕು ಕೇಂದ್ರದ ರಿವೈಂಡಿಂಗ್ ಅಂಗಡಿಯಿರಲಿ, ಮೋಟಾರು ಸದ್ದು ಮಾಡಿದರೆ ‘ಬೇರಿಂಗ್ ಹೋಗಿದೆ’ ಎಂಬ ಒಂದೇ ತೀರ್ಪು. ಹೊಸ 6205 ನಂಬರಿನ ಬೇರಿಂಗ್ ಬಂದು ಕೂರುತ್ತದೆ, ಹಳೆಯದು ಗುಜರಿಗೆ ಬೀಳುತ್ತದೆ. ನಷ್ಟವಾಗುವುದು ಇಲ್ಲಿಯೇ. ಏಕೆ ಕೆಟ್ಟಿತು ಎಂಬುದಕ್ಕೆ ಸಾಕ್ಷಿ ಆ ಗುಜರಿಯಲ್ಲಿದೆ. 200 ಅಶ್ವಶಕ್ತಿಗಿಂತ ದೊಡ್ಡ ಮೋಟಾರುಗಳ ಬಗ್ಗೆ ಐಇಇಇ ಸಂಸ್ಥೆ 1985ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ವೈಂಡಿಂಗನ್ನೂ ಹಿಂದಿಕ್ಕಿ, 40%ಕ್ಕೂ ಹೆಚ್ಚು ವೈಫಲ್ಯಗಳಿಗೆ ಬೇರಿಂಗುಗಳೇ ಹೊಣೆಯಾಗಿದ್ದವು.

ಸಾಕ್ಷಿ ಉಳಿಯಬೇಕಾದರೆ ಎಚ್ಚರ ಬಿಚ್ಚುವ ಮುಂಚೆಯೇ ಬೇಕು. ಔಟರ್ ರೇಸಿನ, ಅಂದರೆ ಹೊರ ಉಂಗುರದ, ಮೇಲ್ತುದಿ ಯಾವುದು, ಫ್ಯಾನಿನ ಕಡೆಗಿದ್ದ ಮುಖ ಯಾವುದು ಎಂದು ಮೊದಲು ಗುರುತು ಹಾಕಬೇಕು. ಔಟರ್ ರೇಸಿಗೆ ಸುತ್ತಿಗೆಯಿಂದ ಬಡಿದು ಬೇರಿಂಗನ್ನು ಶಾಫ್ಟಿನಿಂದ ಕಿತ್ತರೆ ಗುಂಡುಗಳು ರೇಸಿನಲ್ಲಿ ಹೊಸ ತಗ್ಗು ಮೂಡಿಸುತ್ತವೆ. ಆಮೇಲೆ ಹಳೆಯ ಗಾಯ ಯಾವುದು, ಬಿಚ್ಚುವಾಗ ಆದದ್ದು ಯಾವುದು ಎಂದು ಹೇಳುವುದು ಕಷ್ಟ. ಅದಕ್ಕೇ ಪುಲ್ಲರ್ ಬೇಕು. ಕೈಗೆ ಬಂದ ಕೂಡಲೇ ಸೀಮೆಎಣ್ಣೆಯಲ್ಲಿ ತೊಳೆಯುವ ಚಾಳಿಯೂ ಕೆಟ್ಟದ್ದು. ಚಿಟಿಕೆ ಗ್ರೀಸನ್ನು ಬಿಳಿ ಕಾಗದಕ್ಕೆ ಸವರಿ ನೋಡಿದರೆ ನೀರು ಸೇರಿದ್ದು ಹಾಲುಬಣ್ಣದಲ್ಲೂ, ಲೋಹ ಸವೆದದ್ದು ಹೊಳಪಿನಲ್ಲೂ ಕಾಣುತ್ತದೆ.

ಆಮೇಲೆ ರೇಸಿನ ಮೇಲೆ ಗುಂಡುಗಳು ಓಡಾಡಿದ ಜಾಡು. ಈ ವಿದ್ಯೆಯ ನಿಜವಾದ ಸೊಗಸು ಇರುವುದು ಇದರಲ್ಲಿ. ಪಂಪಿಗೆ ನೇರ ಜೋಡಿಸಿದ, ಮಲಗಿಸಿಟ್ಟ ಮೋಟಾರು ಸರಿಯಾಗಿ ನಡೆದಿದ್ದರೆ ಇನ್ನರ್ ರೇಸಿನ ನಡುಮಧ್ಯದಲ್ಲಿ ಸುತ್ತಲೂ ಒಂದೇ ಅಗಲದ ಜಾಡಿರುತ್ತದೆ, ಔಟರ್ ರೇಸಿನಲ್ಲಿ ಕೆಳಗಿನ ಅರ್ಧ ಸುತ್ತಿಗಿಂತ ಕಡಿಮೆ. ಬೆಲ್ಟ್ ಅತಿಯಾಗಿ ಬಿಗಿದಿದ್ದರೆ ಭಾರದ ಗುರುತು ಬೆಲ್ಟ್ ಎಳೆದ ದಿಕ್ಕಿಗೆ ಸರಿದಿರುತ್ತದೆ. ಔಟರ್ ರೇಸಿನ ಜಾಡು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಓರೆಯಾಗಿ ಹೋಗಿದ್ದರೆ ಅಲೈನ್‌ಮೆಂಟ್ ತಪ್ಪಿದೆ. ಎರಡೂ ರೇಸುಗಳಲ್ಲಿ ಪೂರ್ತಿ ಸುತ್ತು ಗುರುತಿದ್ದರೆ ಫಿಟ್ ಬಿಗಿಯಾಗಿ ಗುಂಡುಗಳಿಗೆ ಸಡಿಲವೇ ಉಳಿದಿರಲಿಲ್ಲ. ಜಾಡು ಪಕ್ಕದ ಅಂಚಿಗೆ ಒತ್ತಿಕೊಂಡಿದ್ದರೆ, ಬಿಸಿಯಾಗಿ ಉದ್ದವಾದ ಶಾಫ್ಟಿಗೆ ಸರಿಯಲು ಜಾಗ ಸಿಕ್ಕಿಲ್ಲ. ಬಾಲ್ ಬೇರಿಂಗಿನ ಮೇಲಿನ ಭಾರ ಎರಡರಷ್ಟಾದರೆ ಅದರ ಆಯುಷ್ಯ ಎಂಟನೇ ಒಂದಕ್ಕೆ ಇಳಿಯುತ್ತದೆ ಎನ್ನುತ್ತದೆ ಲೆಕ್ಕ. ಬೆಲ್ಟನ್ನು ಇನ್ನೊಂದು ಸುತ್ತು ಬಿಗಿ ಮಾಡುವವರು ಇದನ್ನು ತಿಳಿದಿರಲೇಬೇಕು.

1990ರ ದಶಕದಿಂದೀಚೆಗೆ ಹೊಸದೊಂದು ಕಾಯಿಲೆ ಹೆಚ್ಚಿದೆ. ರೇಸಿನ ಅಡ್ಡಕ್ಕೆ, ತಗಡಿನ ಶೀಟಿನ ಅಲೆಗಳ ಹಾಗೆ, ಸಮ ಅಂತರದ ಗೆರೆಗಳು ಏಳುತ್ತವೆ. ಗ್ರೀಸ್ ಕಪ್ಪಾಗಿರುತ್ತದೆ, ಗುಂಡುಗಳು ಹೊಳಪು ಕಳೆದುಕೊಂಡಿರುತ್ತವೆ. ಇದು ವಿದ್ಯುತ್ತಿನ ಕೆಲಸ. ನೇರ ಲೈನಿನ ಮೂರು ಫೇಸುಗಳ ವೋಲ್ಟೇಜುಗಳನ್ನು ಕೂಡಿದರೆ ಸೊನ್ನೆ. ಮೋಟಾರಿನ ವೇಗ ಹೆಚ್ಚುಕಡಿಮೆ ಮಾಡುವ ವಿಎಫ್‌ಡಿ ಡ್ರೈವ್ ಕಳಿಸುವ ತುಣುಕು ತುಣುಕು ವೋಲ್ಟೇಜಿನಲ್ಲಿ ಆ ಮೊತ್ತ ಸೊನ್ನೆಯಾಗುವುದಿಲ್ಲ. ಉಳಿದದ್ದು ಸ್ಟೇಟರ್–ರೋಟರ್ ನಡುವಿನ ಸಂದಿಯನ್ನು ಕೆಪಾಸಿಟರಿನಂತೆ ಬಳಸಿ ಶಾಫ್ಟಿಗೆ ಏರುತ್ತದೆ, ತೆಳುವಾದ ಎಣ್ಣೆಯ ಪದರವನ್ನು ಸೀಳಿಕೊಂಡು ಬೇರಿಂಗಿನ ಮೂಲಕ ಭೂಮಿ ಸೇರುತ್ತದೆ. ಪ್ರತಿ ಕಿಡಿಯೂ ಉಕ್ಕನ್ನು ಒಂದಿಷ್ಟು ಕರಗಿಸುತ್ತದೆ. ಇಂಥ ಮೋಟಾರಿಗೆ ಗ್ರೀಸ್ ಬದಲಿಸುವುದರಿಂದ ಏನೂ ಆಗದು. ಶಾಫ್ಟಿಗೆ ಅರ್ಥಿಂಗ್ ಬ್ರಷ್ ಬೇಕು, ಇಲ್ಲವೇ ಸಿಲಿಕಾನ್ ನೈಟ್ರೈಡ್ ಗುಂಡುಗಳ ಅಥವಾ ಇನ್ಸುಲೇಷನ್ ಇರುವ ಬೇರಿಂಗು ಬೇಕು. ಯಂತ್ರದ ಮೇಲೆ ವೆಲ್ಡಿಂಗ್ ಮಾಡುವಾಗ ಅರ್ಥ್ ಕ್ಲಾಂಪನ್ನು ಎಲ್ಲೋ ದೂರಕ್ಕೆ ಸಿಕ್ಕಿಸಿದರೂ ಕರೆಂಟು ಇದೇ ದಾರಿ ಹಿಡಿಯಬಹುದು.

ಈ ಗೆರೆಗಳಿಗೂ, ತಿರುಗದೆ ನಿಂತ ಮೋಟಾರಿನಲ್ಲಿ ಮೂಡುವ ಗುರುತುಗಳಿಗೂ ಗೊಂದಲವಾಗುವುದುಂಟು. ರೈಲಿನಲ್ಲಿ ಸಾಗಿಸಿದ ಅಮೆರಿಕದ ಕಾರುಗಳ ಚಕ್ರದ ಬೇರಿಂಗುಗಳು ಓಡುವ ಮೊದಲೇ ಹಾಳಾಗಿದ್ದನ್ನು ಜನರಲ್ ಮೋಟಾರ್ಸ್‌ನ ಜಾನ್ ಆಲ್ಮೆನ್ 1930ರ ದಶಕದಲ್ಲಿ ವಿವರಿಸಿದರು: ಅಲುಗಾಟಕ್ಕೆ ಗುಂಡು ನಿಂತಲ್ಲೇ ಉಜ್ಜಿ ರೇಸನ್ನು ಸವೆಸುತ್ತದೆ. ನಡೆಯುವ ಪಂಪಿನ ಪಕ್ಕದಲ್ಲೇ ತಿಂಗಳುಗಟ್ಟಲೆ ಸುಮ್ಮನಿರುವ ಸ್ಟ್ಯಾಂಡ್‌ಬೈ ಪಂಪಿಗೂ ಇದೇ ಗತಿ. ಅಂತರ ಅಳೆದರೆ ಗೊಂದಲ ಹರಿಯುತ್ತದೆ. ನಿಂತಾಗ ಆದ ಗುರುತುಗಳ ನಡುವಿನ ದೂರ ಗುಂಡುಗಳ ನಡುವಿನ ದೂರದಷ್ಟೇ ಇರುತ್ತದೆ, ಕರೆಂಟಿನ ಗೆರೆಗಳು ಅದಕ್ಕಿಂತ ಬಹಳ ಒತ್ತಾಗಿರುತ್ತವೆ.

ವೈಬ್ರೇಷನ್ ಮೀಟರ್ ಇದ್ದವರಿಗೆ ಮುನ್ಸೂಚನೆ ಸಿಗುತ್ತದೆ. ನಿಮಿಷಕ್ಕೆ 1440 ಸುತ್ತು ತಿರುಗುವ ಮೋಟಾರಿನಲ್ಲಿ, 9 ಗುಂಡುಗಳ 6205ರ ಔಟರ್ ರೇಸ್ ಬಿರುಕು ಬಿಟ್ಟಿದ್ದರೆ ಸೆಕೆಂಡಿಗೆ ಸುಮಾರು 86 ಪೆಟ್ಟು, ಇನ್ನರ್ ರೇಸ್ ಬಿರುಕಿದ್ದರೆ ಸುಮಾರು 130. ಗಾಯ ಎಲ್ಲಿದೆ ಎಂದಷ್ಟೇ ಇದು ಹೇಳುತ್ತದೆ. ಕಾರಣ ತಿಳಿಯಲು ಬಿಚ್ಚಿ ನೋಡಲೇಬೇಕು.

ಬಿಚ್ಚಿದಾಗ ಗುಂಡುಗಳನ್ನು ಹಿಡಿದಿಡುವ ಕೇಜ್ ಚೂರಾಗಿ, ರೇಸು ನೀಲಿಗಟ್ಟಿ, ಗುಂಡುಗಳು ಚಪ್ಪಟೆಯಾಗಿರುವುದೂ ಇದೆ. ಕೊನೆಯ ಕೆಲವು ನಿಮಿಷಗಳ ಶಾಖ ಅದಕ್ಕೂ ಹಿಂದಿನ ಗುರುತನ್ನೆಲ್ಲ ಅಳಿಸಿರುತ್ತದೆ. ಆಗ ಅದೇ ಮೋಟಾರಿನ ಇನ್ನೊಂದು ತುದಿಯ, ಇನ್ನೂ ಚೆನ್ನಾಗಿಯೇ ತಿರುಗುತ್ತಿರುವ ಬೇರಿಂಗನ್ನು ಕಳಚಿ, ಕತ್ತರಿಸಿ ನೋಡಬೇಕು. ಅದೇ ಶಾಫ್ಟು, ಅದೇ ಗ್ರೀಸು, ಅದೇ ಡ್ರೈವು. ಕಾಯಿಲೆ ಅಲ್ಲಿಯೂ ಶುರುವಾಗಿದ್ದರೆ ಅದರ ಮೊದಲ ಹಂತ ರೇಸಿನ ಮೇಲೆ ಸ್ಪಷ್ಟವಾಗಿಯೇ ಸಿಗುತ್ತದೆ.