ಚೌಟರ ಮಗಳು, ಉಳ್ಳಾಲದ ಅರಸಿ

ರಾಜಮನೆತನಗಳ ವಂಶಾವಳಿ ಓದುವ ಗೀಳು ಹತ್ತಿದವರು ಮೊದಲು ಅರಸನ ಪಕ್ಕದಲ್ಲಿ ಅವನ ರಾಣಿಯ ಹೆಸರು ಹುಡುಕುತ್ತಾರೆ. ಮಂಗಳೂರಿನ ಸುತ್ತಮುತ್ತಲ ತುಳುನಾಡಿನಲ್ಲಿ ಹಾಗೆ ಹುಡುಕಿದರೆ ದಾರಿ ತಪ್ಪುತ್ತದೆ. ಚೌಟರು, ಬಂಗರು, ವೇಣೂರಿನ ಅಜಿಲರು ಎಲ್ಲರೂ ಜೈನ ಅರಸರು, ಎಲ್ಲರದೂ ಅಳಿಯಕಟ್ಟು. ಅರಸನ ಹೆಂಡತಿಗೆ ಆ ಮನೆಯ ಪಟ್ಟದಲ್ಲಿ ಪಾಲಿರಲಿಲ್ಲ. ಅವಳ ಮಕ್ಕಳು ಅವಳದೇ ಬಳಿಗೆ, ಎಂದರೆ ಕುಲಕ್ಕೆ, ಸೇರುತ್ತಿದ್ದರು. ಗದ್ದುಗೆ ಇಳಿದು ಬರುತ್ತಿದ್ದುದು ಅರಸನ ಅಕ್ಕತಂಗಿಯರ ಮಕ್ಕಳಿಗೆ. ಹಾಗಾಗಿ ಅರಸುಮನೆಯ ಹೆಣ್ಣಿಗೆ ಹಿರಿಮೆ ಹುಟ್ಟಿನಿಂದ ಬರುತ್ತಿತ್ತು, ಮದುವೆಯಿಂದಲ್ಲ.

1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಮಣೇಲ್ ಎಂಬಲ್ಲಿ ಚೌಟರ ಮನೆಯವಳಾದ ಉಳ್ಳಾಲದ ರಾಣಿಯನ್ನು ಕಂಡ. ತೋಡು ಅಗೆಸುವ ಕೆಲಸ ನೋಡಲು ಆಕೆ ಬರಿಗಾಲಲ್ಲಿ ಹೊರಟಿದ್ದಳು. ಉಡುಗೆ ನೋಡಿದರೆ ರಾಣಿಯೆನ್ನುವಂತಿಲ್ಲ, ಮಾತು ಕೇಳಿದರೆ ಹೌದೆನ್ನಬೇಕು ಎಂಬ ಅರ್ಥದಲ್ಲಿ ಅವನು ಬರೆದಿಟ್ಟಿದ್ದಾನೆ. ಬಂಗ ಅರಸನೊಡನೆ ಆಕೆಗೆ ಮದುವೆಯಾಗಿ, ಮನಸ್ತಾಪ ಬೆಳೆದು, ಇಬ್ಬರೂ ಬೇರೆಯಾದ ಕಥೆಯನ್ನೂ ಹೇಳುತ್ತಾನೆ. ಆಕೆ ಇಕ್ಕೇರಿಯ ಅರಸ ವೆಂಕಟಪ್ಪ ನಾಯಕನ ನೆರವು ಪಡೆದು ಗಂಡನ ಮೇಲೆಯೇ ತಿರುಗಿ ನಿಂತಳು. ಗಂಡನನ್ನು ಬಿಟ್ಟರೂ ಆಕೆಯ ಅರಸುತನಕ್ಕೆ ಕೂದಲೆಳೆಯಷ್ಟೂ ಕುಂದು ಬರಲಿಲ್ಲ. ನನಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ಹಿರಿದಾಗಿ ಕಾಣುವುದು ಇದೇ. ಹದಿನಾರನೆಯ ಶತಮಾನದ ನಡುವೆ ಪೋರ್ಚುಗೀಸರೊಡನೆ ಕಾದಿದ ಉಳ್ಳಾಲದ ಅಬ್ಬಕ್ಕನೂ ಈಕೆಯೂ ಒಬ್ಬಳೇ ಎನ್ನಲು ಕಾಲ ಒಪ್ಪುವುದಿಲ್ಲ. ಒಂದೇ ಹೆಸರು ತಲೆಮಾರಿನಿಂದ ತಲೆಮಾರಿಗೆ ಸಾಗಿತ್ತು. ಜನರ ನೆನಪು ಇವರನ್ನೆಲ್ಲ ಒಬ್ಬಳಾಗಿಸಿತು.

ಇನ್ನೂ ಹಿಂದಕ್ಕೆ ಹೋದರೆ ಬಾರಕೂರಿನ ಆಳುಪ ಅರಸರು ಸಿಗುತ್ತಾರೆ. ಹದಿಮೂರನೆಯ ಶತಮಾನದ ಕೊನೆಯ ದಶಕಗಳಲ್ಲಿ ಆಳಿದ ಬಲ್ಲಮಹಾದೇವಿ ಗಂಡಸರು ಧರಿಸುತ್ತಿದ್ದ ಮಹಾರಾಜಾಧಿರಾಜ, ಪರಮೇಶ್ವರ ಎಂಬ ಬಿರುದುಗಳನ್ನೇ ಶಾಸನಗಳಲ್ಲಿ ಹೊತ್ತಳು.

ತುಳುನಾಡಿನ ಈ ಅಳಿಯಕಟ್ಟಿನ ಪಕ್ಕದಲ್ಲಿ ಜರ್ಮನಿಯ ಹೆಸ್ಸೆ ಮನೆತನವನ್ನು ಇಟ್ಟು ನೋಡಬೇಕು. 1851ರಲ್ಲಿ ಅಲ್ಲಿಯ ರಾಜಕುಮಾರ ಅಲೆಕ್ಸಾಂಡರ್, ಅರಸುಮನೆಯವಳಲ್ಲದ ಯೂಲಿಯಾ ಹೌಕೆಯನ್ನು ಮದುವೆಯಾದ. ಅವಳಿಗಾಗಿ ಬ್ಯಾಟನ್‌ಬರ್ಗ್ ಎಂಬ ಪದವಿಯನ್ನು ಹೊಸದಾಗಿ ಕೊಡಲಾಯಿತು. 1858ರಲ್ಲಿ ಅದನ್ನು ರಾಜಕುಮಾರಿಯ ಮಟ್ಟಕ್ಕೆ ಏರಿಸಿದರು. ಮಕ್ಕಳಿಗೆ ಹೆಸ್ಸೆಯ ಗದ್ದುಗೆಯ ಹಕ್ಕಿಲ್ಲ, ತಾಯಿಯ ಹೆಸರೇ ಗತಿ. ಅದೇ ಹೆಸರು 1917ರಲ್ಲಿ ಇಂಗ್ಲೆಂಡಿನಲ್ಲಿ ಮೌಂಟ್‌ಬ್ಯಾಟನ್ ಆಯಿತು. ಭಾರತದ ಕೊನೆಯ ವೈಸ್‌ರಾಯ್ ಯೂಲಿಯಾಳ ಮೊಮ್ಮಗ. ತಾಯಿಯ ಹೆಸರು ಹೊರುವುದು ಅಲ್ಲಿ ಕೆಳಗಿಳಿದ ಗುರುತು, ತುಳುನಾಡಿನಲ್ಲಿ ಪಟ್ಟಕ್ಕೇರುವ ಅರ್ಹತೆ.

ಆದ್ದರಿಂದ ನಮ್ಮ ಅರಸುಮನೆಗಳ ವಂಶವೃಕ್ಷ ಬರೆಯುವವರು ತಂದೆಯಿಂದ ಮಗನಿಗೆ ಗೆರೆ ಎಳೆಯುವ ಅಭ್ಯಾಸ ಬಿಡಬೇಕು. ತಾಯಿಯಿಂದ ಮಗಳಿಗೆ ಎಳೆಯಿರಿ, ಅರಸನನ್ನು ಅವನ ಸೋದರಿಯ ಪಕ್ಕ ನಿಲ್ಲಿಸಿ. ಉಳ್ಳಾಲದ ರಾಣಿಯನ್ನು ಚೌಟರ ಸಾಲಿನಲ್ಲೇ ಬರೆಯಿರಿ. ಬಂಗ ಅರಸನ ಹೆಂಡತಿ ಎಂಬುದು ಅಡಿಟಿಪ್ಪಣಿಯಲ್ಲಿದ್ದರೆ ಸಾಕು.